ಎಡಗಡಿ ಸೀಟು

ಬೈಲಹೊಂಗಲ
2 ಫೆಬ್ರವರಿ 2025

ಪ್ರಜ್ಞಾ,

ಈ ಕಾಗದಾ ನೋಡಿ ನೀ ನಗಬಹುದು. ಫೋನಿನ ಕಾಲದಾಗ ಈಕಿಗೆ ಏನು ಬಡೀತು ಅಂತ. ನಿನಗ ಫೋನ್ ಮಾಡಿ ಮಾಡಿ ನನ್ನ ಬಟ್ಟು ಸವದಾವ. ನೀ ಎತ್ತೂದಿಲ್ಲ. ವಾಟ್ಸಾಪ್‌ನ್ಯಾಗ ಇಷ್ಟುದ್ದ ಬರದ್ರ ಒಂದು ಹೆಬ್ಬೆಟ್ಟು ತೋರಿಸಿ ಸುಮ್ಮನಾಗ್ತಿ. ಆದರ ಸ್ಟೇಟಸ್ ಮಾತ್ರ ದಿನಾ ಹಾಕ್ತಿ. ಅದಕ್ಕ ಪೋಸ್ಟಿಗೆ ಹೋಗಿ ಲಕೋಟಿ ತಂದ್ನಿ. ಕಾಗದಾ ಬಂದ್ರ ಒಡದು ಓದಬೇಕಲ್ಲಾ, ಹೆಬ್ಬೆಟ್ಟು ಒತ್ತಾಕ ಬರೂದಿಲ್ಲ.

ಆ ಫೋಟೋದ ಮಾತಿಗೆ ಬರತೇನಿ. ಸಣ್ಣ ಬಿಳೇ ಕಾರು, ಹಿಂದ ನೀಲಿ ಸಮುದ್ರ, ಸ್ಟೇರಿಂಗ್ ಮ್ಯಾಲ ನಿನ್ನ ಕೈ. ಎಡಗಡಿ ಸೀಟಿನ್ಯಾಗ ಆ ದುರ್ಗಾ. ಕಣ್ಣಿಗೆ ಕರೀ ಚಷ್ಮಾ, ಎರಡೂ ಕಾಲು ಡ್ಯಾಶ್‌ಬೋರ್ಡಿನ ಮ್ಯಾಲ! ನಿಮ್ಮ ದವಾಖಾನಿಗೆ ಮೊನ್ನಿ ಮೊನ್ನಿ ಬಂದ ನರ್ಸ್ ಆಕಿ. ನೀ ಸವದತ್ತಿಗೆ ವರ್ಗ ಆಗಿ ಹೋದ ಮ್ಯಾಲ ಗೊತ್ತಾದಾಕಿ. ಆ ಸೀಟು ಯಾರದಿತ್ತು ಅಂತ ಆಕಿಗೆ ನೀ ಹೇಳಿದ್ದೇನು?

ಮಾರಿಷಸ್ ಅನ್ನೂ ಹೆಸರು ಮೊದಲ ತಗದಾಕಿ ನಾನು. ನೀ ನಮ್ಮೂರ ದವಾಖಾನ್ಯಾಗ ನರ್ಸ್ ಇದ್ದಾಗ ಇಬ್ಬರೂ ಕೂಡೇ ಮಡಿವಾಳೆಪ್ಪ ಮಾಸ್ತರ ಕಡೆ ಡ್ರೈವಿಂಗ್ ಕಲತಿವಿ. ಮುರಗೋಡ ರೋಡಿನ್ಯಾಗ ಎಮ್ಮಿ ಅಡ್ಡ ಬಂತಂತ ನೀ ಸ್ಟೇರಿಂಗ್ ಬಿಟ್ಟು ಕಣ್ಣು ಮುಚ್ಚಿಕೊಂಡಿ, ನಾ ಚೀರಿ ಬ್ರೇಕ್ ತುಳಿಸಿದ್ನಿ. ಅವತ್ತ ಚಾ ಕುಡಕೋತ ಅಂದಿದ್ನಿ, ನಮ್ಮ ಗುರುತು ಯಾರಿಗೂ ಇಲ್ಲದ ದೇಶಕ್ಕ ಹೋಗಿ ಒಂದು ಕಾರು ಬಾಡಿಗಿ ತಗೊಳ್ಳೂಣು, ಮನಸು ಬಂದಲ್ಲಿ ನಿಂದ್ರಿಸೂಣು, ಮನಸು ಬಂದಲ್ಲಿ ತಿರಗಿಸೂಣು ಅಂತ. ಬೆಳಗಾವಿಗೆ ಹೋಗಿ ಪಾಸ್‌ಪೋರ್ಟ್ ಮಾಡಿಸಿದ್ದು ಕೂಡೇ. ಪರದೇಶದಾಗ ಗಾಡಿ ಓಡಸೂ ಪರ್ಮಿಟ್ ತಗೊಂಡದ್ದು ಕೂಡೇ.

ನಾ ಬರಲಿಲ್ಲ, ಖರೆ. ನಮ್ಮ ಮೈದುನನ ಮಗಳ ನಿಶ್ಚಯ ಅದೇ ವಾರ ಬಂತು. ಹಿರೇ ಸೊಸಿ ಇಲ್ದ ಹೆಂಗ ಅಂದ್ರು. ನಿನಗ ಹೇಳಿದ್ನಿ. ನೀ "ಆತು ಬಿಡು" ಅಂದಿ. "ಆತು ಬಿಡು" ಅಂದ್ರ ಇನ್ನೊಬ್ಬಾಕಿನ್ನ ಕರಕೊಂಡು ಹೋಗ್ತೇನಿ ಅನ್ನೂ ಅರ್ಥ ಐತಿ ಅಂತ ನನಗೇನು ಗೊತ್ತು?

ನಿಶ್ಚಯದ ದಿನ ಪಂಕ್ತಿಗೆ ತುಪ್ಪ ಬಡಸಕೋತ ಕದ್ದು ಫೋನ್ ನೋಡಿದ್ನಿ. ಅವಾಗ ಕಂಡಿತು ಆ ಫೋಟೋ. ತುಪ್ಪ ಬೀಗರ ಕೈಮ್ಯಾಲ ಹೋತು. ಎಲ್ಲಾರೂ ನಕ್ಕರು, ನಾನೂ ನಕ್ಕಿದ್ನಿ.

ಆಕಿ ಓಡಿಸಿದ್ಲೇನು? ಎಷ್ಟು ಓಡಿಸಿದ್ಲು? ನಿನಗ ದಾರ್ಯಾಗ ಬಾಯಿ ಒಣಗತೈತಿ, ನೀರಿನ ಬಾಟ್ಲಿ ಮುಚ್ಚಳಾ ತಗದು ಕೈಯಾಗ ಕೊಡಬೇಕು ಅನ್ನೂದು ಆಕಿಗೆ ತಿಳೀತೇನು?

ಉತ್ತರಾ ಬರಿ.

ಮಾರಿಷಸ್ ನೋಡಲಾರದಾಕಿ,
ಶೈಲಜಾ


ಬೈಲಹೊಂಗಲ
23 ಫೆಬ್ರವರಿ 2025

ಪ್ರಜ್ಞಾ,

ನಿನ್ನ ಉತ್ತರದ ಹಾದಿ ನೋಡಿ ಸಾಕಾಗಿ ಗುರುವಾರ ಬಸ್ ಹತ್ತಿ ಸವದತ್ತಿಗೆ ಬಂದಿದ್ನಿ. ನೀ ನನ್ನ ನೋಡಲಿಲ್ಲ. ದವಾಖಾನಿ ಎದುರಿನ ಚಾದ ಗಾಡಿ ಮುಂದ ನೀವಿಬ್ಬರೂ ನಿಂತಿದ್ರಿ. ಆಕಿ ಏನೋ ಅಂದ್ಲು, ನೀ ಹೊಟ್ಟಿ ಹಿಡಕೊಂಡು ನಕ್ಕಿ. ಆಮ್ಯಾಲ ತನ್ನ ಕಪ್ಪಿನ ಚಾ ನಿನ್ನ ಕಪ್ಪಿಗೆ ಅರ್ಧಾ ಸುರವಿದ್ಲು. ನಾ ರೋಡಿನ ಈ ಕಡೆ ಬಾಳಿಹಣ್ಣಿನವನ ಹಂತ್ಯಾಕ ನಿಂತು ಅಷ್ಟೂ ನೋಡಿದ್ನಿ. ದಾಟಿ ಬರಲಿಲ್ಲ. ಒಂದು ಡಜನ್ ಬಾಳಿಹಣ್ಣು ತಗೊಂಡು ತಿರಗಿ ಬಸ್ ಹತ್ತಿದ್ನಿ.

ನಮ್ಮ ಅಂಗಳದಾಗ ಎರಡು ಕಾರು ನಿಂತಾವ. ಕೀಲಿ ಇವರ ಕಡೆ ಅಡತಿ ಅಂಗಡ್ಯಾಗ ಇರತಾವ. ಲೈಸನ್ಸ್ ಬಂದ ಮ್ಯಾಲ ನಾ ಓಡಿಸಿದ್ದು ಕಿತ್ತೂರಿನ ತನಾ ಒಂದ ಸಲ. ಇವರು ಬಾಜೂಕ ಕುಂತು ಅಷ್ಟೂ ದಾರಿ ಬೈದಿದ್ರು. ನೀ ನೋಡಿದ್ರ ಸಮುದ್ರದ ದಂಡಿಗುಂಟ ಓಡಿಸಿ ಬಂದಿ. ನನಗ ಹೊಟ್ಟಿಕಿಚ್ಚು ಬಂದೈತಿ ಅಂತ ಸುತ್ತಿ ಬಳಸಿ ಹೇಳೂದಿಲ್ಲ. ಬಂದೈತಿ. ಅನ್ನ ಸೇರವಲ್ದು.

ನಾ ಏನು ತಪ್ಪು ಮಾಡೇನಿ ಅಷ್ಟರ ಹೇಳು.

ಶೈಲಾ


ಸವದತ್ತಿ
9 ಮಾರ್ಚ್ 2025

ಶೈಲಜಾ,

ಎರಡೂ ಕಾಗದಾ ಮುಟ್ಟಿದುವು. ಕೇಳಿದಿ ಅಂತ ಹೇಳ್ತೇನಿ.

ಡಿಸೆಂಬರಿನ್ಯಾಗ, ಕಾರು ಸಣ್ಣದು ತಗೊಳ್ಳೂಣೋ ದೊಡ್ಡದೋ ಅಂತ ಕೇಳಾಕ ನಿನಗ ಫೋನ್ ಮಾಡಿದ್ನಿ. ನೀ "ಅತ್ತಿ ಕರ್ಯಾಕ ಹತ್ಯಾರ, ಇಡತೇನಿ" ಅಂದಿ. ಕಟ್ ಆತು ಅಂತ ನೀ ತಿಳಕೊಂಡಿ. ಆಗಿದ್ದಿಲ್ಲ. ನಿಮ್ಮತ್ತಿ ಗುರವ್ವನ ಧ್ವನಿ ಛಲೋ ದೊಡ್ಡದೈತಿ. "ಎಂಟು ದಿನ ಆಕಿ ಜೋಡಿ ಒಂದ ಖೋಲಿ, ಒಂದ ತಾಟು ಅಂದ್ರ ಹೆಂಗವಾ? ಹಂಗ ಬಂದು ನಾಳಿ ನಮ್ಮ ದೇವರ ಜಗಲಿ ಹೆಂಗ ಮುಟ್ಟಾಕಿ?" ಅಂದ್ರು. ನಿಮ್ಮ ಮನಿಯವರು ವೀರಪ್ಪಣ್ಣ ಕೆಮ್ಮಿದ್ದು ಕೇಳಿಸ್ತು. ನಾ ಫೋನ್ ಕಿವಿಗೆ ಹಿಡಕೊಂಡು ಕಾಯ್ದ್ನಿ. ನೀ ಏನರ ಅಂತಿ ಅಂತ. ಕುಕ್ಕರ್ ಸೀಟಿ ಹೊಡೀತು. ನೀ ಏನೂ ಅನ್ನಲಿಲ್ಲ.

ಮರುದಿನ ಫೋನ್ ಮಾಡಿ ನಿಶ್ಚಯದ ಮಾತು ಹೇಳಿದಿ. ನಾ "ಆತು ಬಿಡು" ಅಂದ್ನಿ. ಅದರ ಅರ್ಥ ಇಷ್ಟ.

ದುರ್ಗಾನ್ನ ನಾ ಕರೀಲಿಲ್ಲ. ನಾ ರಜಾ ವಾಪಸ್ ಬರದು ಕೊಡಾಕ ಹೋದಾಗ, ಯಾಕ ಅಕ್ಕಾ ಅಂದ್ಲು. ಹೇಳಿದ್ನಿ. "ನಾ ಬರ್ಲ್ಯಾ?" ಅಂದ್ಲು. ಅಷ್ಟ.

ಆಕಿ ಓಡಿಸಲಿಲ್ಲ, ಅವಾಗ ಆಕಿಗೆ ಬರತಿದ್ದಿಲ್ಲ. ನೀರಿನ ಬಾಟ್ಲಿ ನಾನ ತಗೊಂಡು ಕುಡದ್ನಿ. ಒಂದಿನ ಜೋರ ಮಳಿ, ಎರಡೂ ಕಡೆ ಕಬ್ಬು, ನಡುವ ಸಣ್ಣ ರೋಡು, ಟಾಯರ್ ಪಂಕ್ಚರ್ ಆತು. ದುರ್ಗಾ ಛತ್ರಿ ಹಿಡದ್ಲು, ನಾ ಗಾಲಿ ಬಿಚ್ಚಿದ್ನಿ. ಬಿಚ್ಚಕೋತ ನಿನ್ನ ಬೈದ್ನಿ. ಮಾಸ್ತರ ಗಾಲಿ ಬದಲಿಸೂದು ಕಲಸೂಮುಂದ ನೀ ನಟ್ಟು ಎಣಿಸಿ ಎಣಿಸಿ ನನ್ನ ಕೈಯಾಗ ಕೊಟ್ಟದ್ದು ನೆನಪಾತು. ಬಾಜೂಕಿನ ಮನಿಯಿಂದ ಒಬ್ಬ ಮುದುಕಿ ಹೊರಗ ಬಂದ್ಲು. ಅವರ ಹಿರ್ಯಾರು ಮರಾಠಿ ಮಂದಿಯಂತ, ಹರಕಾ ಮುರಕಾ ಮರಾಠಿ ಬರತಿತ್ತು. ಬೆಳಗಾವಿ ಅಂದ್ರ ಗೊತ್ತಾಗಲಿಲ್ಲ ಆಕಿಗೆ. ಊಟ ಆತೇನು ಅಂತ ಕೇಳಿದ್ಲು. ಒಳಗ ಕರದು ತಾಟು ಹಚ್ಚಿದ್ಲು. ನೀವು ಯಾರ ಪೈಕಿ ಅಂತ ಕೇಳಲಿಲ್ಲ. ಉಂಡು ಏಳೂಮಟಾ ಕೇಳ್ತಾಳ ಅಂತ ನಾ ಕಾಯ್ದ್ನಿ, ರೂಢಿ ನೋಡು. ಕೇಳಲೇ ಇಲ್ಲ.

ನಮ್ಮ ಮನಿಗೆ ನೀ ಎಷ್ಟು ಸಲ ಬಂದೀದಿ! ನಮ್ಮವ್ವ ಪ್ರತಿ ಸಲ ಊಟಕ್ಕ ಏಳವ್ವಾ ಅಂದಾಳ. ಒಮ್ಮಿ ಸೋಮವಾರ ಅಂದಿ, ಒಮ್ಮಿ ಉಂಡ ಬಂದೇನಿ ಅಂದಿ. ಅವ್ವಗ ಅದು ತಿಳೀದ ಇಲ್ಲ ಅಂತ ನೀ ತಿಳಕೊಂಡೀದಿ.

ಪ್ರಜ್ಞಾ


ಬೈಲಹೊಂಗಲ
27 ಏಪ್ರಿಲ್ 2025

ಪ್ರಜ್ಞಾ,

ನಿನ್ನ ಕಾಗದಾ ಮುಟ್ಟಿತು. ಅದಕ್ಕ ಏನು ಬರೀಬೇಕು ತಿಳೀವಲ್ದು. ಸದ್ಯಾ ಬರಿಯೂದಿಲ್ಲ.

ಒಂದು ಸುದ್ದಿ ಹೇಳೂದೈತಿ. ನಾವೂ ಹೊಂಟೇವಿ ಮಾರಿಷಸ್‌ಗೆ. ನಾನು, ನಮ್ಮ ಮನಿಯವರು. ಮೇ ಕಡೇ ವಾರ. "ಮೂರು ಹೊತ್ತೂ ಅದ ಫೋಟೋ ನೋಡಕೋತ ಕುಂದರತಿ, ಅಲ್ಲೇನೈತಿ ನಡಿ ನೋಡೇ ಬಿಡೂಣು" ಅಂದ್ರು. ಸಮುದ್ರಕ್ಕ ಹತ್ತಿದ ಹೋಟೆಲ್. ಕಾರೂ ಬಾಡಿಗಿ ಹೇಳೇವಿ, ನಿನ್ನ ಕಾರಕಿಂತ ದೊಡ್ಡದು. ಇವರು ಓಡಸ್ತಾರ. ಇಪ್ಪತ್ತೈದು ವರ್ಷದ ಕೈ ಇವರದು. ಎಡಗಡಿ ಸೀಟಿನ್ಯಾಗ ನಾ ಕೂಡತೇನಿ. ಕರೀ ಚಷ್ಮಾ ತಗೊಂಡೇನಿ.

ಫೋಟೋ ಹಾಕ್ತೇನಿ, ನೋಡು.

ಶೈಲಜಾ


ಸವದತ್ತಿ
4 ಮೇ 2025

ಶೈಲಜಾ,

ಹೋಗಿ ಬರ್ರಿ.

ಕಾರು ಕೈಗೆ ಕೊಡೂಮುಂದ ಎಲ್ಲೆಲ್ಲಿ ಗೀರು ಅದಾವ ನಾಕೂ ಕಡೆ ವಿಡಿಯೋ ತಕ್ಕೊ. ಇಲ್ಲಂದ್ರ ನೀವ ಮಾಡಿದ್ದು ಅಂತಾರ. ನಮ್ಮಂಗ ಎಡಗಡಿನ ಓಡಸೂದು, ಅದರ ಚಿಂತಿ ಇಲ್ಲ. ಸರ್ಕಲ್ ಬಾಳ. ಬಲಗಡಿಂದ ಬರೂ ಗಾಡಿಗೆ ಮೊದಲ ದಾರಿ. ಹಾರ್ನ್ ಹೊಡೀಬ್ಯಾಡ್ರಿ, ಅಲ್ಲಿ ಅದು ಬೈದಂಗ. ಗೇರ್ ಇಲ್ಲದ ಕಾರು ಕೊಟ್ರ ಎಡಗಾಲು ಹಿಂದ ಮಡಚಿ ಇಡೂದು, ಇಲ್ಲಂದ್ರ ಕ್ಲಚ್ ಅಂತ ಬ್ರೇಕ್ ತುಳೀತಾರ, ಗಾಡಿ ಮುಗ್ಗರಸತೈತಿ.

ನಿನ್ನ ಸುದ್ದಿ ಓದಿ ನನಗೂ ಹೊಟ್ಟಿ ಉರೀತು. ನಾ ನೋಡಿದ ರೋಡು ನೀ ನೋಡ್ತಿ, ನಾ ಇರೂದಿಲ್ಲ. ಬರದು ತಗದು ಹಾಕಬೇಕು ಅಂದ್ಕೊಂಡ್ನಿ. ಇರಲಿ.

ಪ್ರಜ್ಞಾ


ಮಾರಿಷಸ್
29 ಮೇ 2025

ಪ್ರಜ್ಞಾ,

ಹೋಟೆಲಿನ ಹೊರಗ ಗಿಡದ ಬುಡಕ ಕುಂತು ಬರ್ಯಾಕ ಹತ್ತೇನಿ. ಒಂದೂ ಫೋಟೋ ಹಾಕಿಲ್ಲ ನಾ. ಯಾಕ ಅಂತ ಹೇಳ್ತೇನಿ, ಮೊದಲಿನಿಂದ ಹೇಳ್ತೇನಿ.

ವಿಮಾನ ಇಳದು ಕಾರು ಕೊಡೂ ಕೌಂಟರಿಗೆ ಹೋದಿವಿ. ಇವರು ತಮ್ಮ ಲೈಸನ್ಸ್ ಠೀವಿಲೆ ಇಟ್ರು. ಕೌಂಟರಿನ ಹುಡುಗಿ ತಿರಗಿಸಿ ಮುರಗಿಸಿ ನೋಡಿ ನಕ್ಕೋತ, "ಸರ್, ಇದರ ಅವಧಿ ಮುಗದು ಎರಡು ವರ್ಷ ಆಗೇತಿ" ಅಂತ ಹಿಂದಿಯೊಳಗ ಅಂದ್ಲು. ಇವರಿಗೆ ಐವತ್ತು ತುಂಬಿದಾಗ ಮುಗದಿತ್ತಂತ. ಇವರು ನೋಡೇ ಇಲ್ಲ. "ನಮ್ಮೂರಾಗ ಒಬ್ಬರೂ ಕೇಳಿಲ್ಲಲ್ಲಾ" ಅಂತ ನನ್ನ ಮಾರಿ ನೋಡಿದ್ರು. ವೀರಪ್ಪ ಸಾವಕಾರನ ಗಾಡಿ ನಿಂದ್ರಿಸಿ ನಮ್ಮೂರಾಗ ಯಾರು ಕೇಳ್ತಾರ?

"ಟ್ಯಾಕ್ಸಿ ಮಾಡೂಣು ನಡಿ" ಅಂದ್ರು. ನಾ ಚೀಲದಾಗಿಂದ ನನ್ನ ಲೈಸನ್ಸು, ನಾವಿಬ್ಬರೂ ಕೂಡೇ ಮಾಡಿಸಿದ ಆ ಪರ್ಮಿಟ್ಟು ತಗದು ಕೌಂಟರ್ ಮ್ಯಾಲ ಇಟ್ನಿ. ಯಾಕ ತಂದಿದ್ನೋ ನನಗ ಗೊತ್ತಿಲ್ಲ. ಹುಡುಗಿ ಕೀಲಿ ನನ್ನ ಕೈಯಾಗ ಕೊಟ್ಲು. ಗೀರಿನ ವಿಡಿಯೋ ತಗೊಂಡ್ನಿ, ನೀ ಹೇಳಿದಂಗ.

ಎಡಗಡಿ ಸೀಟಿನ್ಯಾಗ ಇವರು ಕುಂತ್ರು. ಮೊದಲನೇ ಸರ್ಕಲ್‌ನ್ಯಾಗ ಹೊರಗ ಬೀಳೂ ದಾರಿ ಸಿಗದ ಗಾಣದ ಎತ್ತಿನಂಗ ಮೂರು ಸುತ್ತು ಹಾಕಿದ್ನಿ. ಇವರು ಇಲ್ಲದ ಬ್ರೇಕು ತುಳದು ತುಳದು ಸಂಜಿಕ ಪಾದ ನೋವು ಅಂದ್ರು. ಮರುದಿನ ಗುಡ್ಡದ ಘಟ್ಟ. ಗೇರ್ ಇಲ್ಲದ ಗಾಡಿಗೆ "ಗೇರ್ ಇಳಸು, ಗೇರ್ ಇಳಸು!" ಅಂತ ಚೀರಾಕ ಹತ್ತಿದ್ರು. ಘಟ್ಟ ಇಳದು ಬಯಲಿಗೆ ಬಂದ ಮ್ಯಾಲ ಕಬ್ಬಿನ ಹೊಲದ ದಂಡಿಗೆ ಗಾಡಿ ನಿಂದ್ರಿಸಿದ್ನಿ. "ಇಳೀರಿ. ನಡಕೋತ ಬರ್ರಿ" ಅಂದ್ನಿ. ಮದವಿ ಆದಾಗಿಂದ ಅವರಿಗೆ ನಾ ಹಂಗ ಅಂದಿದ್ದಿಲ್ಲ.

ಅವರು ಇಳೀಲಿಲ್ಲ. ಕಬ್ಬು ಸೂಲಂಗಿ ಹೂವು ಬಿಟ್ಟಿತ್ತು, ಅದನ್ನ ನೋಡಕೋತ ಕುಂತ್ರು. ಆಮ್ಯಾಲ ಅಂದ್ರು, "ಆಕಿ ಜೋಡಿ ಬಂದಿದ್ರ ನಕ್ಕೋತ ಓಡಸ್ತಿದ್ದಿ."

"ಹೌದು" ಅಂದ್ನಿ.

"ನನ್ನ ಜೋಡಿ ಯಾವಾಗ ನಕ್ಕೀದಿ?"

ನಾ ಕೀಲಿ ತಿರಗಿಸಿ ಗಾಡಿ ಬಂದ್ ಮಾಡಿದ್ನಿ.

"ಫೋನಿನ್ಯಾಗ ಆಕಿ ಜೋಡಿ ನೀ ನಗೂದು ಬಾಗಿಲ ಹೊರಗ ಚಪ್ಪಲ ಬಿಡೂಮುಂದನ ಕೇಳತೈತಿ. ನಾ ಒಳಗ ಬಂದ್ರ ಫೋನ್ ಇಡ್ತಿ. ಎಂಟು ದಿನ ಹಂಗ ನಕ್ಕೋತ ಇದ್ದು ಬಂದಾಕಿ ಮತ್ತ ನನ್ನ ಮನ್ಯಾಗ ಹೆಂಗ ಇದ್ದೀ ಅನಿಸ್ತು. ಅವ್ವ ಖೋಲಿ ತಾಟು ಅಂತ ಮಾತು ತಗದ್ಲು. ನನಗ ಅಷ್ಟ ಬೇಕಾಗಿತ್ತು. ಸುಮ್ಮನ ಕುಂತ್ನಿ."

ನನಗ ಸಿಟ್ಟು ಬರಬೇಕಾಗಿತ್ತು. ಆದರ ಅವರ ಮಾರಿ ನೋಡಿ ಬರಲಿಲ್ಲ. ಬಾಳಿಹಣ್ಣಿನವನ ಹಂತ್ಯಾಕ ನಿಂತು ನಿಮ್ಮಿಬ್ಬರನ್ನ ನೋಡೂಮುಂದ ನನ್ನ ಮಾರಿನೂ ಹಿಂಗ ಇದ್ದೀತು.

ಆದರ ಪ್ರಜ್ಞಾ, ಅವರು ಸುಮ್ಮನ ಕುಂತದ್ದಕ್ಕ ಅವರದೊಂದು ಕಾರಣ ಇತ್ತು. ನಾ ಯಾಕ ಸುಮ್ಮನ ಕುಂತ್ನಿ? ನಿನ್ನ ಕಾಗದಾ ಬಂದಾಗಿಂದ ಇದನ್ನ ಕೇಳಕೊಳ್ಳಾಕ ಹತ್ತೇನಿ. ಅತ್ತಿಯ ಅಂಜಿಕಿ ಅಲ್ಲ. ಅವರು ಆ ಮಾತು ಆಡಿದಾಗ ನನ್ನ ಎದಿ ಧಸಕ್ ಅನ್ನಲಿಲ್ಲ, ಇದ ಖರೆ ಕಾರಣ. ಸಣ್ಣಾಕಿದ್ದಾಗಿಂದ ಕೇಳಿದ ಮಾತು, ಮನಿಯ ಗಡಿಯಾರದ ಸಪ್ಪಳ ಇದ್ದಂಗ, ನನಗ ಕೇಳಿಸಲೇ ಇಲ್ಲ. ಫೋನಿನ ಆ ಕಡೆ ಕುಂತ ನಿನಗ ಕೇಳಿಸ್ತು.

ಊರಿಗೆ ಬಂದ ಮ್ಯಾಲ ನಿನ್ನ ಮನಿಗೆ ಕರಸ್ತೇನಿ. ಅತ್ತಿ ಎದುರಿಗೆ ನಮ್ಮ ಪಡಸಾಲ್ಯಾಗ ನನ್ನ ಬಾಜೂಕ ಕುಂತು ನೀ ಉಣಬೇಕು. ಅವರು ನೋಡಲಿ.

ನೀ ಇಲ್ಲದ ರೋಡಿನಿಂದ,
ಶೈಲಾ


ಸವದತ್ತಿ
12 ಜೂನ್ 2025

ಶೈಲಾ,

ವೀರಪ್ಪಣ್ಣನ ಲೈಸನ್ಸಿನ ಸುದ್ದಿ ಓದಿ ವಾರ್ಡಿನ್ಯಾಗ ಒಬ್ಬಾಕಿನ ನಕ್ಕೊಂಡ್ನಿ. ಸಲಾಯಿನ್ ಹಚ್ಚಿಸಿಕೊಳ್ಳಾಕ ಹತ್ತಿದ ಮುದುಕ ಅಂಜಿಬಿಟ್ಟ.

ನಿಮ್ಮ ಮನಿಗೆ ಉಣ್ಣಾಕ ನಾ ಬರೂದಿಲ್ಲ. ನಿಮ್ಮತ್ತಿಗೆ ತೋರಸಾಕ ನನ್ನ ಪಡಸಾಲ್ಯಾಗ ಕುಂದರಸಬ್ಯಾಡ. ನಿಮ್ಮತ್ತಿ ಜೋಡಿ ಆಡೂ ಮಾತು ನಿನ್ನದು, ನೀನ ಆಡು. ನಾ ಇಲ್ಲದಾಗ ಆಡು.

ನೀ ಬರಾಕಿ ಇದ್ರ ಬಾ. ಐತವಾರ ನನಗ ಸೂಟಿ.

ಪ್ರಜ್ಞಾ


ಸವದತ್ತಿ
30 ಜೂನ್ 2025

ಶೈಲಾ,

ನಿನ್ನಿ ನೀ ಹೋದ ಮ್ಯಾಲ ಅವ್ವ ಬಾಳ ಹೊತ್ತು ಬಾಗಿಲದಾಗ ನಿಂತಿದ್ಲು. "ಆ ಹುಡುಗಿ ಒಬ್ಬಾಕಿನ ಗಾಡಿ ಹೊಡಕೊಂಡು ಬಂದಿತ್ತಲ್ಲ" ಅಂದ್ಲು. ನಲವತ್ತೈದು ದಾಟಿದ ನೀ ಅವ್ವ ಮರೆವ್ವನ ಕಣ್ಣಿಗೆ ಇನ್ನೂ ಹುಡುಗಿ.

ನೀ ಎರಡನೇ ರೊಟ್ಟಿ ಕೇಳಿ ಹಾಕಿಸಿಕೊಂಡಿ. ಅವ್ವ ನನ್ನ ಕಡೆ ನೋಡಲಿಲ್ಲ, ನಾನೂ ಆಕಿ ಕಡೆ ನೋಡಲಿಲ್ಲ. ನೋಡಿದ್ರ ಇಬ್ಬರಿಗೂ ಅಳು ಬರತಿತ್ತು. ಅತ್ತಿಗೆ "ನಾ ಪ್ರಜ್ಞಾನ ಮನ್ಯಾಗ ಉಂಡು ಬರತೇನಿ, ಬಂದು ದೇವರ ದೀಪಾನೂ ಹಚ್ಚತೇನಿ" ಅಂತ ಹೇಳೇ ಬಂದಿದ್ನಿ ಅಂದಿ. ಅವರು ಏನಂದ್ರು ಅಂತ ನಾ ಕೇಳಲಿಲ್ಲ. ನಿನ್ನ ಕಣ್ಣು ಬಾತಿದ್ದುವು, ಅದರಾಗ ತಿಳೀತು. ದೀಪಾ ಹಚ್ಚಿದೇನು?

ಇನ್ನೊಂದು ಮಾತು. ಊಟದ ನಡುವ ದುರ್ಗಾ ಬಂದ್ಲು. ಯಾರನ್ನೂ ಕೇಳದ ನಮ್ಮ ಅಡಗಿ ಮನಿಗೆ ಹೋಗಿ ಮ್ಯಾಲಿನ ಫಳಿಯಿಂದ ಶೇಂಗಾ ಚಟ್ನಿ ಡಬ್ಬಿ ತಗದು ನಿನಗ ಬಡಿಸಿದ್ಲು. ಅವಾಗ ನಿನ್ನ ಮಾರಿ ನೋಡಿದ್ನಿ. ಚಟ್ನಿ ಮುಟ್ಟಲಿಲ್ಲ ನೀ! ನನಗ ನಗು ಬಂತು. ಆಮ್ಯಾಲ ನಗಬಾರದಿತ್ತು ಅನಿಸ್ತು. ನನ್ನ ಮನಿಯ ಡಬ್ಬಿ ಎಲ್ಲಿ ಅದಾವ ಅನ್ನೂದು ಆಕಿಗೆ ಗೊತ್ತು. ಯಾಕಂದ್ರ ಆಕಿ ಬಂದಾಗೆಲ್ಲಾ ಉಂಡಾಳ. ಅದನ್ನ ನಾ ತಿದ್ದಾಕ ಬರೂದಿಲ್ಲ ಶೈಲಾ.

ಡಿಸೆಂಬರಿನ್ಯಾಗ ನಾನು, ದುರ್ಗಾ ಶ್ರೀಲಂಕಾಕ್ಕ ಹೊಂಟೇವಿ. ಈಗ ಆಕಿಗೂ ಲೈಸನ್ಸ್ ಬಂದೈತಿ. ಪಾಳಿ ಮ್ಯಾಲ ಓಡಸೂಣು ಅಂತ ಮಾತಾಗೇತಿ, ನಾ ಮಾತು ಕೊಟ್ಟೇನಿ, ತಿರಗಿಸೂದಿಲ್ಲ. ಒಬ್ಬರು ಓಡಿಸಿದ್ರ ಇನ್ನೊಬ್ಬರು ಎಡಗಡಿ ಸೀಟಿಗೆ. ಹಿಂದಿನ ಸೀಟು ಪೂರಾ ಖಾಲಿ ಐತಿ. ನಿನಗ ಬರಬೇಕು ಅನಿಸಿದ್ರ ಅಲ್ಲಿ ಕುಂದರಬೇಕಾಗತೈತಿ. ಮೂರನೇ ಪಾಳಿ ನಿಂದು ಅಂತ ಮೊದಲ ಹೇಳೂದಿಲ್ಲ. ಅಲ್ಲಿ ಹೋದ ಮ್ಯಾಲ ನೋಡೂಣು.

ನಿನ್ನ ಕರಿಯೂಣು ಅಂದದ್ದು ದುರ್ಗಾ. ಹೂಂ ಅಂದದ್ದು ನಾನು.

ಪ್ರಜ್ಞಾ


ಬೈಲಹೊಂಗಲ
6 ಜುಲೈ 2025

ಪ್ರಜ್ಞಾ,

ದೀಪಾ ಹಚ್ಚಿದ್ನಿ. ಅತ್ತಿ ಅವತ್ತಿನಿಂದ ತಮ್ಮ ಅಡಗಿ ತಾವ ಮಾಡಕೊಳ್ಳಾಕ ಹತ್ಯಾರ. ಮಾಡಕೊಳ್ಳಲಿ. ಇವರು ಎರಡೂ ಒಲಿ ನಡುವ ನಿಂತು ಎಲ್ಲಿ ಉಣಬೇಕು ತಿಳೀದ ಒದ್ದಾಡ್ತಾರ. ನಿನ್ನಿ ಅವರ ಒದ್ದಾಟ ನೋಡಿ ನನಗ ನಗು ಬಂತು. ಅವರ ಎದುರಿಗೇ ನಕ್ಕಿದ್ನಿ. ಅವರೂ ನಕ್ಕರು.

ಶ್ರೀಲಂಕಾದ ಮಾತು ಇವರಿಗೆ ಹೇಳಿದ್ನಿ. ಮಾರಿ ಸಣ್ಣದಾತು. ಬ್ಯಾಡ ಅನ್ನಲಿಲ್ಲ.

ನಿನ್ನ ಕಾಗದಾ ಓದಿ ಎರಡು ದಿನ ಸಿಟ್ಟಿನ್ಯಾಗ ಇದ್ನಿ. ಹಿಂದಿನ ಸೀಟಂತ! ನಿನಗ ಡ್ರೈವಿಂಗ್ ಹುಚ್ಚು ಹಿಡಿಸಿದಾಕಿ ನಾನು. ಆಕಿ ಮುಂದ ಕುಂತು ನಿನಗ ನೀರು ಕೊಡೂದು, ನೀ ತಗೊಳ್ಳೂದು, ಇಬ್ಬರೂ ನಗೂದು, ನಾ ಹಿಂದಿನಿಂದ ನಿಮ್ಮಿಬ್ಬರ ತಲಿ ನೋಡಕೋತ ಕುಂದ್ರೂದು. ನೆನಸಿಕೊಂಡ್ರ ಈಗ ಬರಿಯೂಮುಂದನೂ ಹೊಟ್ಟಿಕಿಚ್ಚು ಬರತೈತಿ.

ನನ್ನ ಟಿಕೀಟೂ ತಗಸು. ಹಿಂದ ಕುಂದ್ರತೇನಿ.

ಶೈಲಾ